ಒಂದು ಕನ್ನಡಕದ ಚೀಟಿ ಹಿಡಿದು ಆಪ್ಟೋಮೆಟ್ರಿ ಸಾಫ್ಟ್‌ವೇರ್‌ಗಳ ಪರೀಕ್ಷೆ

ಆಪ್ಟೋಮೆಟ್ರಿ (ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಕೊಡುವ) ಕ್ಲಿನಿಕ್‌ಗೆ ಸಾಫ್ಟ್‌ವೇರ್ ತೋರಿಸಲು ಬಂದವರು ಮೊದಲು ತೆರೆಯುವುದು ಡ್ಯಾಶ್‌ಬೋರ್ಡನ್ನು. ಇವತ್ತಿನ ಅಪಾಯಿಂಟ್‌ಮೆಂಟ್ ಎಷ್ಟು, ಈ ತಿಂಗಳ ಬಿಲ್ ಎಷ್ಟು, ಯಾವ ಫ್ರೇಮ್ ಹೆಚ್ಚು ಹೋಗಿದೆ ಎಂಬುದೆಲ್ಲ ಅಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಅದನ್ನು ನೋಡಿ ಕೊಂಡವರು ಆಮೇಲೆ ಪರದಾಡುವುದು ಪವರ್ ತುಂಬುವ ಸಣ್ಣ ಕೋಷ್ಟಕದಲ್ಲಿ. ದಿನಕ್ಕೆ ಮೂವತ್ತು ಸಲ ಕೈಯಾಡುವ ಜಾಗ ಅದು. ಅಲ್ಲಿ ಒಂದು ಗುರುತು ತಪ್ಪಿದರೆ ಲ್ಯಾಬ್‌ನಿಂದ ಬರುವ ಕನ್ನಡಕವೇ ತಪ್ಪು.

ಆದ್ದರಿಂದ ಈ ವಿಮರ್ಶೆಯ ಉದ್ದಕ್ಕೂ ಒಂದೇ ಚೀಟಿ ಹಿಡಿದು ಹೋಗೋಣ. ಬಲಗಣ್ಣು −2.25 / −1.75 × 175, ಎಡಗಣ್ಣು −3.00 / −0.50 × 10, ಎರಡಕ್ಕೂ ಆಡ್ +2.00, ಪಿಡಿ ಬಲಕ್ಕೆ 31.5, ಎಡಕ್ಕೆ 30. ಮೊದಲ ಅಂಕಿ ಸ್ಫಿಯರ್, ಅಂದರೆ ಮುಖ್ಯ ಪವರ್. ಎರಡನೆಯದು ಸಿಲಿಂಡರ್, ಒಂದು ದಿಕ್ಕಿಗೆ ಮಾತ್ರ ಬೇಕಾದ ಪವರ್. × ನಂತರದ್ದು ಆಕ್ಸಿಸ್, ಆ ಸಿಲಿಂಡರ್ ನಿಲ್ಲುವ ಕೋನ, 1ರಿಂದ 180 ಡಿಗ್ರಿ. ಆಡ್ ಎಂದರೆ ಹತ್ತಿರದ ಓದಿಗೆ ಕೂಡಿಸುವ ಪವರ್, ಪಿಡಿ ಎಂದರೆ ಮೂಗಿನ ನಡುವಿನಿಂದ ಪಾಪೆಯ ತನಕ ಮಿಲಿಮೀಟರಿನಲ್ಲಿ ದೂರ. ಯಂತ್ರದಿಂದ ಚಾರ್ಟಿಗೆ (ರೋಗಿಯ ಪರೀಕ್ಷೆಯ ದಾಖಲೆಗೆ), ಚಾರ್ಟಿನಿಂದ ಲ್ಯಾಬ್ ಆರ್ಡರಿಗೆ, ಕೊನೆಗೆ ಎಕ್ಸ್‌ಪೋರ್ಟ್ ಫೈಲಿಗೆ ಹೋಗುವ ತನಕ ಈ ಅಂಕಿಗಳು ಕೆಡದೆ ಉಳಿಯುತ್ತವೆಯೇ ಎಂಬುದೇ ಸಾಫ್ಟ್‌ವೇರ್‌ನ ಪರೀಕ್ಷೆ. ಡೆಮೊ ದಿನ ಮಾರುವವರ ಮಾದರಿ ರೋಗಿಯನ್ನು ಬದಿಗಿಟ್ಟು ಇಂಥ ಚೀಟಿಯನ್ನು ನೀವೇ ಟೈಪ್ ಮಾಡಿ ನೋಡಿ.

ಸಿಗುವ ಸಾಫ್ಟ್‌ವೇರ್‌ಗಳು ಸ್ಥೂಲವಾಗಿ ಮೂರು ಬಗೆ. ಸಾಮಾನ್ಯ ಕ್ಲಿನಿಕ್ ಸಾಫ್ಟ್‌ವೇರ್‌ಗೆ ಕಣ್ಣಿನ ಫಾರ್ಮ್ ಒಂದನ್ನು ಅಂಟಿಸಿದ್ದು ಮೊದಲನೆಯದು. ಕನ್ನಡಕದ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬೆಳೆದು ಚಾರ್ಟನ್ನೂ ಸೇರಿಸಿಕೊಂಡದ್ದು ಎರಡನೆಯದು. ಆಪ್ಟೋಮೆಟ್ರಿಗೆಂದೇ ಕಟ್ಟಿದ್ದು ಮೂರನೆಯದು. ಮೊದಲ ಬಗೆಯಲ್ಲಿ ರೋಗದ ಇತಿಹಾಸ, ಔಷಧ, ಅಲರ್ಜಿ, ಪ್ರವೇಶಾಧಿಕಾರ ಎಲ್ಲವೂ ಗಟ್ಟಿಯಾಗಿರುತ್ತದೆ, ಆದರೆ ಆಕ್ಸಿಸ್ ಎಂದರೇನು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಎರಡನೆಯದಕ್ಕೆ ಫ್ರೇಮ್ ಸ್ಟಾಕ್ ಚೆನ್ನಾಗಿ ಗೊತ್ತು. ಕಣ್ಣಿನ ಒತ್ತಡವನ್ನು ಮಾತ್ರ ಅದು ‘ಷರಾ’ ಕಾಲಂನಲ್ಲಿ ಬರೆಸುತ್ತದೆ. ಮೂರನೆಯ ಬಗೆಯೇ ಸರಿ ಎನಿಸಬಹುದು. ಆದರೂ ಅದರೊಳಗೂ ಪರೀಕ್ಷೆಯಲ್ಲಿ ಬೀಳುವವು ಬೇಕಾದಷ್ಟಿವೆ.

ಪವರ್ ಕೋಷ್ಟಕದಿಂದಲೇ ಶುರು ಮಾಡೋಣ. ಸ್ಫಿಯರ್ ಕಾಲಂನಲ್ಲಿ ಚಿಹ್ನೆ ಇಲ್ಲದೆ 2.25 ಎಂದು ಟೈಪ್ ಮಾಡಿ ಮುಂದಕ್ಕೆ ಹೋಗಿ. ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಸುಮ್ಮನೆ ಪ್ಲಸ್ ಎಂದು ಸೇರಿಸಿಕೊಳ್ಳುತ್ತವೆ. ಇದು ಅಪಾಯ. ಚಿಹ್ನೆ ಹಾಕುವ ತನಕ ಮುಂದೆ ಬಿಡದಿರುವುದೇ ಸರಿಯಾದ ನಡವಳಿಕೆ. ಮೈನಸ್ ಒತ್ತಿ 225 ಎಂದು ಟೈಪ್ ಮಾಡಿದರೆ ತಾನೇ −2.25 ಮಾಡಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು. ದಿನವಿಡೀ ಚುಕ್ಕಿ ಒತ್ತುವ ಕೆಲಸ ತಪ್ಪುತ್ತದೆ. ಆಮೇಲೆ −2.30 ಎಂದು ಹಾಕಿ ನೋಡಿ. ಪವರ್ 0.25ರ ಹೆಜ್ಜೆಯಲ್ಲಿ ಹೋಗುವುದರಿಂದ ಅದನ್ನು ತಡೆಯಬೇಕು. ಹೇಳದೆ ಕೇಳದೆ −2.25ಕ್ಕೆ ಇಳಿಸಿಬಿಟ್ಟರೆ ನೀವು −2.50 ಎಂದು ಬರೆಯಹೊರಟು ತಪ್ಪು ಕೀಲಿ ಒತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಖಾಲಿ ಮತ್ತು ಸೊನ್ನೆಯ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮ. ಸಿಲಿಂಡರ್ ಖಾಲಿ ಬಿಟ್ಟರೆ ಅದಕ್ಕೆ ಎರಡು ಅರ್ಥ ಬರಬಹುದು: ನೋಡಿದೆವು, ಸಿಲಿಂಡರ್ ಇಲ್ಲ, ಅಥವಾ ಇನ್ನೂ ನೋಡಿಯೇ ಇಲ್ಲ. ಡೇಟಾಬೇಸ್‌ನಲ್ಲಿ ಎರಡನ್ನೂ 0.00 ಎಂದು ಉಳಿಸುವ ಸಾಫ್ಟ್‌ವೇರ್ ಮುಂದಿನ ವರ್ಷ ನಿಮಗೆ ಸುಳ್ಳು ಹೇಳುತ್ತದೆ. ಡಿಎಸ್ (ಸ್ಫಿಯರ್ ಮಾತ್ರ) ಎಂದೋ ಪ್ಲೇನೋ (ಪವರ್ ಸೊನ್ನೆ) ಎಂದೋ ಸ್ಪಷ್ಟವಾಗಿ ಬರೆಯಲು ಜಾಗವಿರಬೇಕು, ಖಾಲಿ ಬಿಟ್ಟದ್ದು ಖಾಲಿಯಾಗಿಯೇ ಉಳಿಯಬೇಕು. ಕಣ್ಣಿನ ಒತ್ತಡದ ಕಾಲಂನಲ್ಲಿ ಇದೇ ತಪ್ಪಾದರೆ ಗ್ರಾಫ್ ನಡುವೆ ಸೊನ್ನೆಗೆ ಬಿದ್ದು ಏಳುತ್ತದೆ. ಅದನ್ನು ನೋಡಿದ ಕೂಡಲೇ ಆ ಸಾಫ್ಟ್‌ವೇರ್ ಖಾಲಿಯನ್ನು ಸೊನ್ನೆ ಎಂದು ಉಳಿಸುತ್ತಿದೆ ಎಂದು ತಿಳಿಯಬಹುದು.

ಇನ್ನು ಆಕ್ಸಿಸ್. ಎಡಗಣ್ಣಿನ 10ನ್ನು 010 ಎಂದು ಮೂರಂಕಿಯಲ್ಲಿ ತೋರಿಸುವುದು ಸಣ್ಣ ವಿಷಯವಲ್ಲ, 10 ಮತ್ತು 100ರ ಗೊಂದಲವನ್ನು ಅದೊಂದೇ ತಪ್ಪಿಸುತ್ತದೆ. ಸಿಲಿಂಡರ್ ಇದ್ದು ಆಕ್ಸಿಸ್ ಇಲ್ಲದಿದ್ದರೆ ಚಾರ್ಟಿಗೆ ಸಹಿ ಹಾಕಲು ಬಿಡಬಾರದು. ಟ್ರಾನ್ಸ್‌ಪೋಸ್ ಬಟನ್ (ಅದೇ ಪವರನ್ನು ಸಿಲಿಂಡರ್ ಚಿಹ್ನೆ ತಿರುಗಿಸಿ ಬರೆಯುವುದು) ಇದ್ದರೆ ಒತ್ತಿ: ಬಲಗಣ್ಣು −4.00 / +1.75 × 85 ಆಗಬೇಕು, ಎಡಗಣ್ಣು −3.50 / +0.50 × 100. ಮತ್ತೆ ಒತ್ತಿದರೆ ಮೊದಲಿನದೇ ಬರಬೇಕು. ಆಕ್ಸಿಸ್‌ಗೆ ಯಾವಾಗಲೂ 90 ಕೂಡಿಸಿ 265 ಎಂದು ತೋರಿಸುವ ಸಾಫ್ಟ್‌ವೇರ್ ಕಂಡರೆ ಡೆಮೊ ಅಲ್ಲಿಗೇ ನಿಲ್ಲಿಸಬಹುದು.

ಆಕ್ಸಿಸ್‌ನಲ್ಲಿ ಇನ್ನೊಂದು ಬಲೆ ಇದೆ. ಹೋದ ವರ್ಷ ಆಕ್ಸಿಸ್ 178, ಈ ವರ್ಷ 4 ಎಂದಿಟ್ಟುಕೊಳ್ಳಿ. ನಿಜವಾದ ಬದಲಾವಣೆ 6 ಡಿಗ್ರಿ. ಬದಲಾವಣೆ 174 ಡಿಗ್ರಿ ಎಂದು ಕೆಂಪು ಎಚ್ಚರಿಕೆ ಕೊಡುವ ಸಾಫ್ಟ್‌ವೇರ್‌ಗೆ 180ರ ನಂತರ ಮತ್ತೆ 1 ಬರುತ್ತದೆ ಎಂಬುದೇ ಗೊತ್ತಿಲ್ಲ. ಸರಾಸರಿ ತೆಗೆಯುವಾಗ ಇದು ಇನ್ನೂ ಕೆಟ್ಟದಾಗುತ್ತದೆ. 178 ಮತ್ತು 4ರ ಸರಾಸರಿ 1 ಆಗಬೇಕಾದಲ್ಲಿ ಬರೀ ಕೂಡಿ ಭಾಗಿಸಿದರೆ 91 ಬರುತ್ತದೆ, ಅಂದರೆ ಸಿಲಿಂಡರ್ ಸರಿಯಾಗಿ ಅಡ್ಡ ತಿರುಗಿಬಿಡುತ್ತದೆ. ಎರಡು ಭೇಟಿಗಳನ್ನು ಹೋಲಿಸುವ ಪರದೆ ಇದ್ದರೆ ಈ ಎರಡು ಅಂಕಿಗಳನ್ನು ಹಾಕಿ ನೋಡದೆ ಬಿಡಬೇಡಿ.

ಬಲಗಣ್ಣು ಎಲ್ಲಿ ಕಾಣುತ್ತದೆ ಎಂಬುದೂ ಮುಖ್ಯ. ಕಾಗದದ ಚಾರ್ಟಿನಲ್ಲಿ ಬಲಗಣ್ಣು ಮೇಲಿನ ಸಾಲು ಇಲ್ಲವೇ ಎಡಬದಿಯ ಕಾಲಂ, ರೋಗಿ ಎದುರು ಕೂತಾಗ ಕಾಣುವ ಹಾಗೆ. ಒಂದು ಪರದೆಯಲ್ಲಿ ಹೀಗಿದ್ದು ಇನ್ನೊಂದರಲ್ಲಿ ತಿರುಗಿಸಿಟ್ಟಿರುವ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ವೇಗವನ್ನು ಅಳೆಯಲು ಮೌಸನ್ನು ದೂರ ಸರಿಸಿ. ಎರಡೂ ಕಣ್ಣಿನ ಪೂರ್ತಿ ಪವರ್, ದೂರದ ಮತ್ತು ಹತ್ತಿರದ ದೃಷ್ಟಿ, ಪಿಡಿ ಇಷ್ಟನ್ನೂ ಟ್ಯಾಬ್ ಕೀಲಿಯೊಂದರಿಂದಲೇ ತುಂಬಲು ಸಾಧ್ಯವೇ? ಟ್ಯಾಬ್ ಒತ್ತಿದಾಗ ಬಲಗಣ್ಣಿನ ಸ್ಫಿಯರ್‌ನಿಂದ ಸಿಲಿಂಡರ್‌ಗೆ ಹೋಗಬೇಕು. ಕೆಳಗಿನ ಎಡಗಣ್ಣಿನ ಸ್ಫಿಯರ್‌ಗೆ ಜಿಗಿದರೆ ಮೊದಲ ವಾರದಲ್ಲೇ ಅಂಕಿಗಳು ಅದಲುಬದಲಾಗುತ್ತವೆ. ಪರೀಕ್ಷೆ ನಡೆಯುವುದು ಮಬ್ಬು ಬೆಳಕಿನ ಕೋಣೆಯಲ್ಲಿ ಎಂಬುದನ್ನೂ ಹಲವು ಕಂಪನಿಗಳು ಮರೆತಿವೆ. ಅಚ್ಚ ಬಿಳಿ ಪರದೆ ಪಕ್ಕದಲ್ಲಿ ಉರಿಯುತ್ತಿದ್ದರೆ ರೋಗಿಯ ಪಾಪೆಯೂ ಕಿರಿದಾಗುತ್ತದೆ, ನಿಮ್ಮ ಕಣ್ಣೂ ದಣಿಯುತ್ತದೆ. ಕಪ್ಪು ಹಿನ್ನೆಲೆಯ ಥೀಮ್ ಇರಲೇಬೇಕು.

ದೃಷ್ಟಿಯ ಅಳತೆಯನ್ನು ಹೆಚ್ಚಿನ ಸಾಫ್ಟ್‌ವೇರ್‌ಗಳು ಬರೀ ಅಕ್ಷರವಾಗಿ ಉಳಿಸುತ್ತವೆ. 6/9 ಎಂದು (ಮೀಟರಿನಲ್ಲಿ) ಒಬ್ಬರು, 20/30 ಎಂದು (ಅಡಿಯಲ್ಲಿ) ಇನ್ನೊಬ್ಬರು, 6/9−2 ಎಂದು (ಆ ಸಾಲಿನಲ್ಲಿ ಎರಡು ಅಕ್ಷರ ತಪ್ಪಿದಾಗ) ಮತ್ತೊಬ್ಬರು ಬರೆದರೆ ಮೂರೂ ಮೂರು ಬೇರೆ ಪದಗಳಾಗಿ ಕೂರುತ್ತವೆ, ಗ್ರಾಫ್ ಬರುವುದಿಲ್ಲ. ಒಳ್ಳೆಯ ಸಾಫ್ಟ್‌ವೇರ್ ಒಳಗೆ ಲಾಗ್‌ಮಾರ್ ಎಂಬ ಅಂಕಿಯ ಮಾಪಕದಲ್ಲಿ ಉಳಿಸಿಕೊಂಡು (6/6ಕ್ಕೆ 0.0, 6/12ಕ್ಕೆ 0.3, 6/60ಕ್ಕೆ 1.0) ಹೊರಗೆ ನಿಮಗೆ ಬೇಕಾದ ರೀತಿಯಲ್ಲಿ ತೋರಿಸುತ್ತದೆ. ಬೆರಳೆಣಿಕೆ, ಕೈಯಾಡಿಸಿದ್ದು ಕಾಣುವುದು, ಬೆಳಕು ಮಾತ್ರ ಕಾಣುವುದು, ಬೆಳಕೂ ಕಾಣದಿರುವುದು ಇವಕ್ಕೆ ಪ್ರತ್ಯೇಕ ಆಯ್ಕೆಗಳಿರಬೇಕು. ಕನ್ನಡಕ ಹಾಕಿಯೋ ಹಾಕದೆಯೋ ಪಿನ್‌ಹೋಲ್‌ನಲ್ಲೋ (ಸಣ್ಣ ತೂತಿನ ಮೂಲಕ) ಎಂಬುದು ಅಳತೆಯ ಜೊತೆಗೇ ಹೋಗಬೇಕು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಕ್ಲಿನಿಕ್ ಆದರೆ ವರ್ಟೆಕ್ಸ್ ಲೆಕ್ಕವನ್ನು (ಕನ್ನಡಕದ ಗಾಜಿಗೂ ಕಣ್ಣಿಗೂ ನಡುವಿನ ದೂರ ಕಳೆದರೆ ಪವರ್ ಎಷ್ಟಾಗುತ್ತದೆ ಎಂಬುದನ್ನು) ಪರೀಕ್ಷಿಸಿ. −6.00 / −2.50 × 180, ವರ್ಟೆಕ್ಸ್ ದೂರ 12 ಮಿಲಿಮೀಟರ್ ಎಂದು ಕೊಡಿ. ಒಂದಕ್ಕೊಂದು ಅಡ್ಡವಾದ ಎರಡು ಮೆರಿಡಿಯನ್‌ಗಳ (ದಿಕ್ಕುಗಳ) ಪವರ್ −6.00 ಮತ್ತು −8.50. ಇವನ್ನು ಬೇರೆಬೇರೆಯಾಗಿ ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ತಂದರೆ ಸುಮಾರು −5.60 ಮತ್ತು −7.71 ಬರುತ್ತದೆ, ಅಂದರೆ ಸಿಲಿಂಡರ್ ಸುಮಾರು −2.12ಕ್ಕೆ ಇಳಿಯುತ್ತದೆ. ಸ್ಫಿಯರನ್ನು ಮಾತ್ರ ಬದಲಿಸಿ ಸಿಲಿಂಡರನ್ನು −2.50 ಎಂದೇ ಬಿಡುವ ಸಾಫ್ಟ್‌ವೇರ್ ಅರ್ಧ ಲೆಕ್ಕ ಮಾಡಿದಂತೆ. ಕಾಂಟ್ಯಾಕ್ಟ್ ಲೆನ್ಸ್ ಚೀಟಿಯಲ್ಲಿ ಬೇಸ್ ಕರ್ವ್ (ಲೆನ್ಸಿನ ಒಳಬದಿಯ ಬಾಗು), ಡಯಾಮೀಟರ್, ಬ್ರ್ಯಾಂಡ್, ಎಷ್ಟು ದಿನಕ್ಕೆ ಬದಲಿಸಬೇಕು ಎಂಬ ಕಾಲಂಗಳೂ, ಪ್ರಯೋಗಕ್ಕೆ ಹಾಕಿದ ಲೆನ್ಸ್ ಎಷ್ಟು ಡಿಗ್ರಿ ತಿರುಗಿ ನಿಂತಿತು ಎಂದು ಬರೆಯುವ ಜಾಗವೂ ಬೇಕು. ಕನ್ನಡಕದ ಚೀಟಿಯನ್ನೇ ಹೆಸರು ಬದಲಿಸಿ ಕಾಂಟ್ಯಾಕ್ಟ್ ಲೆನ್ಸ್‌ಗೆ ಬಳಸುವ ಸಾಫ್ಟ್‌ವೇರ್‌ಗಳು ಇಲ್ಲಿ ಸೋಲುತ್ತವೆ.

ಈಗ ಯಂತ್ರಗಳ ಜೋಡಣೆ. ‘ನಮ್ಮ ಸಾಫ್ಟ್‌ವೇರ್ ಎಲ್ಲ ಯಂತ್ರಗಳಿಗೂ ಕನೆಕ್ಟ್ ಆಗುತ್ತದೆ’ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ನಿಮ್ಮಲ್ಲಿರುವ ಆಟೋರಿಫ್ರಾಕ್ಟೋಮೀಟರ್ (ಕಣ್ಣಿನ ಪವರ್ ಅಳೆಯುವುದು), ಲೆನ್ಸೋಮೀಟರ್ (ಕನ್ನಡಕದ ಪವರ್ ಅಳೆಯುವುದು), ಟೋನೋಮೀಟರ್ (ಕಣ್ಣಿನ ಒತ್ತಡ ಅಳೆಯುವುದು) ಇವುಗಳ ಮಾಡೆಲ್ ನಂಬರ್ ಬರೆದುಕೊಟ್ಟು ಯಾವುದು ಹೇಗೆ ಸೇರುತ್ತದೆ ಎಂದು ಲಿಖಿತವಾಗಿ ಕೇಳಿ. ಹಳೆಯ ಯಂತ್ರಗಳು ಆರ್‌ಎಸ್-232 ಸೀರಿಯಲ್ ಕೇಬಲ್‌ನಲ್ಲಿ ಮಾತಾಡುತ್ತವೆ. ಏನೂ ಬರದಿದ್ದರೆ ಕೇಬಲ್ ಬಗೆ ತಪ್ಪಿರುವ ಸಾಧ್ಯತೆ ಹೆಚ್ಚು, ಕಳುಹಿಸುವ ತಂತಿ ಮತ್ತು ಪಡೆಯುವ ತಂತಿ ಅದಲುಬದಲಾಗಿರುತ್ತವೆ. ಅರ್ಥವಿಲ್ಲದ ಅಕ್ಷರಗಳು ಬಂದರೆ ಬಾಡ್ ರೇಟ್ (ಕಳುಹಿಸುವ ವೇಗ) ಅಥವಾ ಪ್ಯಾರಿಟಿ (ತಪ್ಪು ಹಿಡಿಯುವ ಗುರುತು) ಎರಡೂ ಕಡೆ ಒಂದೇ ಇಲ್ಲ ಎಂದರ್ಥ. ನಿನ್ನೆ ಸರಿಯಿದ್ದು ಇವತ್ತು ನಿಂತರೆ ಮೊದಲು ನೋಡಬೇಕಾದ್ದು ಯುಎಸ್‌ಬಿ ಅಡಾಪ್ಟರನ್ನು: ಕಸ ಗುಡಿಸುವಾಗ ಯಾರೋ ಕಿತ್ತು ಬೇರೆ ಪೋರ್ಟಿಗೆ ಚುಚ್ಚಿದರೂ ಸಾಕು, ವಿಂಡೋಸ್ ಅದಕ್ಕೆ ಹೊಸ ಕಾಮ್ ನಂಬರ್ (ಸೀರಿಯಲ್ ಪೋರ್ಟಿನ ಸಂಖ್ಯೆ) ಕೊಡಬಹುದು, ಸಾಫ್ಟ್‌ವೇರ್ ಹಳೆಯ ನಂಬರಿನಲ್ಲೇ ಕಾಯುತ್ತಾ ಕೂರುತ್ತದೆ. ಪೋರ್ಟಿನ ಪಕ್ಕ ಸ್ಟಿಕ್ಕರ್ ಅಂಟಿಸಿಡುವುದು ಅಗ್ಗದ ಪರಿಹಾರ.

ಹೊಸ ಯಂತ್ರಗಳು ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ಗೆ ಎಕ್ಸ್‌ಎಂಎಲ್ ಫೈಲ್ ಬರೆಯುತ್ತವೆ. ಇಲ್ಲಿ ಕಾಡುವ ಸಮಸ್ಯೆ ಬೇರೆ. ನಡುವಯಸ್ಸಿನ ಕೆಲವು ಯಂತ್ರಗಳಿಗೆ ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನ ಮಾತ್ರ ಗೊತ್ತು. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದು ಹೊಸ ಇನ್‌ಸ್ಟಾಲ್‌ನಲ್ಲಿ ಇರುವುದಿಲ್ಲ, ಭದ್ರತೆಯ ದೃಷ್ಟಿಯಿಂದ ಅದನ್ನು ಮತ್ತೆ ಹಾಕಿಕೊಳ್ಳುವುದೂ ಒಳ್ಳೆಯದಲ್ಲ. ಕಂಪ್ಯೂಟರ್ ಬದಲಿಸಿದ ಮರುದಿನ ಯಂತ್ರದ ಫೈಲ್ ಬರುವುದು ನಿಂತರೆ ಕಾರಣ ಬಹುಪಾಲು ಇದೇ. ಸಾಫ್ಟ್‌ವೇರ್ ಕಂಪನಿಯವರು ಇದಕ್ಕೆ ಮಧ್ಯದ ಸಣ್ಣ ಪೆಟ್ಟಿಗೆಯನ್ನೋ ಬೇರೆ ದಾರಿಯನ್ನೋ ಸೂಚಿಸುತ್ತಾರೆಯೇ ನೋಡಿ. ‘ಆ್ಯಂಟಿವೈರಸ್ ಆಫ್ ಮಾಡಿ’ ಎಂದಷ್ಟೇ ಹೇಳುವ ಸಪೋರ್ಟ್‌ನಿಂದ ಪ್ರಯೋಜನವಿಲ್ಲ.

ಅಂಕಿ ಬಂತು ಎಂದಾಗಲೇ ಸಮಾಧಾನ ಬೇಡ. ಆಟೋರಿಫ್ರಾಕ್ಟೋಮೀಟರ್‌ನೊಳಗೆ ಮೂರು ಸೆಟ್ಟಿಂಗ್‌ಗಳಿರುತ್ತವೆ: ಸಿಲಿಂಡರ್ ಮೈನಸ್ ಆಗಿಯೋ ಪ್ಲಸ್ ಆಗಿಯೋ, ವರ್ಟೆಕ್ಸ್ ದೂರ 12ಕ್ಕೋ 13.75ಕ್ಕೋ, ಹೆಜ್ಜೆ 0.25ಕ್ಕೋ 0.12ಕ್ಕೋ. ಸಾಫ್ಟ್‌ವೇರ್ ಮೈನಸ್ ಸಿಲಿಂಡರ್ ಬರುತ್ತದೆ ಎಂದುಕೊಂಡು ಕೂತಿರುವಾಗ ಯಂತ್ರ ಪ್ಲಸ್‌ನಲ್ಲಿ ಕಳುಹಿಸಿದರೆ ಏನಾಗುತ್ತದೆ? ನಮ್ಮ ಬಲಗಣ್ಣು −4.00 / +1.75 × 85 ಎಂದು ಬರುತ್ತದೆ. ಚಿಹ್ನೆಯನ್ನು ಕಡೆಗಣಿಸಿ ಮೈನಸ್ ಅಂಟಿಸುವ ಸಾಫ್ಟ್‌ವೇರ್ ಅದನ್ನು −4.00 / −1.75 × 85 ಮಾಡುತ್ತದೆ. ನೋಡಲು ಇದು ಸರಿಯಾದ ಚೀಟಿಯಂತೆಯೇ ಇರುತ್ತದೆ, ಆದರೆ ಪೂರ್ತಿ ತಪ್ಪು. ಡೆಮೊ ಸಮಯದಲ್ಲಿ ಯಂತ್ರದ ಸೆಟ್ಟಿಂಗ್ ಬದಲಿಸಿ ಒಮ್ಮೆ ಕಳುಹಿಸಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಎಲ್ಲಕ್ಕಿಂತ ದೊಡ್ಡ ಅಪಾಯ ರೋಗಿ ಅದಲುಬದಲಾಗುವುದು. ಯಂತ್ರದಲ್ಲಿ ರೋಗಿಯ ಸಂಖ್ಯೆ ಹಾಕದೆ ಅಳತೆ ತೆಗೆದರೆ, ‘ಆ ಹೊತ್ತಿಗೆ ತೆರೆದಿರುವ ಚಾರ್ಟ್ ಯಾರದೋ ಅವರದು’ ಎಂದು ಸೇರಿಸುವ ಸಾಫ್ಟ್‌ವೇರ್‌ಗಳಿವೆ. ಹೊರಗಿನ ಕೋಣೆಯಲ್ಲಿ ಸಹಾಯಕರು ಮುಂದಿನ ರೋಗಿಯ ಅಳತೆ ತೆಗೆಯುತ್ತಿರುವಾಗ ಒಳಗೆ ನೀವು ಹಿಂದಿನ ರೋಗಿಯ ಚಾರ್ಟ್ ತೆರೆದಿದ್ದರೆ ಕಥೆ ಮುಗಿಯಿತು. ಗುರುತು ಇಲ್ಲದ ಅಳತೆ ಒಂದು ಕಾಯುವ ಪಟ್ಟಿಗೆ ಬೀಳಬೇಕು, ಸಮಯ ನೋಡಿ ಮನುಷ್ಯರೇ ಅದನ್ನು ಸರಿಯಾದ ಹೆಸರಿಗೆ ಸೇರಿಸಬೇಕು. ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್), ಫಂಡಸ್ (ಕಣ್ಣಿನ ಒಳಗಿನ ಹಿಂಭಾಗ) ಕ್ಯಾಮೆರಾಗಳಲ್ಲಿ ವೈದ್ಯಕೀಯ ಚಿತ್ರಗಳ ಮಾನದಂಡವಾದ ಡೈಕಾಮ್‌ನ ವರ್ಕ್‌ಲಿಸ್ಟ್ ಸೌಲಭ್ಯ ಇದ್ದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ: ಇವತ್ತಿನ ರೋಗಿಗಳ ಪಟ್ಟಿ ಸಾಫ್ಟ್‌ವೇರ್‌ನಿಂದ ಯಂತ್ರಕ್ಕೇ ಹೋಗುತ್ತದೆ, ಹೆಸರನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಚಿತ್ರಗಳು ಹೇಗೆ ಬರುತ್ತವೆ ಎಂದೂ ಕೇಳಿ. ಓಸಿಟಿಯ ವರದಿ ಬರೀ ಪಿಡಿಎಫ್ ಆಗಿ ಬಂದರೆ ಕಣ್ಣಿಗೆ ಕಾಣುತ್ತದೆ ಅಷ್ಟೆ. ನಾಲ್ಕು ವರ್ಷದ ನರಪದರದ ದಪ್ಪವನ್ನು ಒಟ್ಟಿಗಿಟ್ಟು ಹೋಲಿಸಲು ಮೂಲ ಅಂಕಿ ಬೇಕು.

ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿಸಿ ನೋಡುವ ಸೂಕ್ಷ್ಮದರ್ಶಕ) ಮತ್ತು ಫಂಡಸ್ ಭಾಗದಲ್ಲಿ ‘ಎಲ್ಲ ನಾರ್ಮಲ್’ ಎಂಬ ಬಟನ್ ಬಹುತೇಕ ಎಲ್ಲದರಲ್ಲೂ ಇದೆ. ಇದು ಸಮಯ ಉಳಿಸುತ್ತದೆ ನಿಜ. ಆದರೆ ಡೈಲೇಟ್ ಮಾಡದೆಯೇ (ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸದೆಯೇ) ರೆಟಿನಾದ ಅಂಚು ನಾರ್ಮಲ್ ಎಂದು ಬರೆದುಕೊಳ್ಳುವ ಬಟನ್ ಮುಂದೆ ಕಾನೂನಿನ ಕಟಕಟೆಯಲ್ಲಿ ನಿಮ್ಮನ್ನೇ ನಿಲ್ಲಿಸುತ್ತದೆ. ಭಾಗಭಾಗವಾಗಿ ನಾರ್ಮಲ್ ಒತ್ತಲು ಬರುವಂತಿರಬೇಕು, ನೋಡದ ಭಾಗ ‘ನೋಡಿಲ್ಲ’ ಎಂದೇ ಉಳಿಯಬೇಕು. ಹಿಂದಿನ ಭೇಟಿಯನ್ನು ನಕಲಿಸುವ ಬಟನ್‌ಗೂ ಇದೇ ಮಾತು: ಕಾಯಿಲೆಯ ಇತಿಹಾಸ, ಔಷಧಗಳ ಪಟ್ಟಿ ನಕಲಾದರೆ ಅನುಕೂಲ, ಹೋದ ವರ್ಷದ ಕಣ್ಣಿನ ಒತ್ತಡ ಈ ವರ್ಷದ ಜಾಗಕ್ಕೆ ಬಂದು ಕೂತರೆ ಅದು ಸುಳ್ಳು ದಾಖಲೆ. ಹಳೆಯ ಅಳತೆ ಪಕ್ಕದಲ್ಲಿ ಬೂದು ಬಣ್ಣದಲ್ಲಿ ಕಂಡರೆ ಸಾಕು. ಒತ್ತಡದ ಅಳತೆಗೆ ಗಂಟೆ, ಅಳೆದ ವಿಧಾನ (ಗಾಳಿ ಊದುವುದೋ, ಕಣ್ಣಿಗೆ ಮುಟ್ಟಿಸಿ ಅಳೆಯುವ ಗೋಲ್ಡ್‌ಮನ್ನೋ), ಕಾರ್ನಿಯಾದ ದಪ್ಪ ಇವು ಜೊತೆಗಿರಬೇಕು. ಬೆಳಿಗ್ಗೆಯ ಅಳತೆಯನ್ನೂ ಸಂಜೆಯದನ್ನೂ ಒಂದೇ ಎಂಬಂತೆ ಗೆರೆ ಎಳೆಯುವ ಗ್ರಾಫ್ ದಾರಿ ತಪ್ಪಿಸುತ್ತದೆ.

ಅಪಾಯಿಂಟ್‌ಮೆಂಟ್ ಭಾಗ ಬಹುತೇಕ ಎಲ್ಲದರಲ್ಲೂ ಸುಮಾರಾಗಿ ಚೆನ್ನಾಗಿದೆ. ಒಂದೇ ಕೊರತೆ ಎಂದರೆ ಡ್ರಾಪ್ಸ್ ಹಾಕಿ ಕಾಯಿಸುವ ಸಮಯ. ಪಾಪೆ ಹಿಗ್ಗಿಸುವ ಟ್ರೋಪಿಕಮೈಡ್ ಹಾಕಿದ ಮೇಲೆ 20ರಿಂದ 30 ನಿಮಿಷ ರೋಗಿ ಹೊರಗೆ ಕೂರುತ್ತಾರೆ, ಪರೀಕ್ಷೆಯ ಕುರ್ಚಿ ಖಾಲಿ ಇರುತ್ತದೆ. ಆ ನಡುವೆ ಇನ್ನೊಬ್ಬರನ್ನು ಕೂರಿಸಲು ಒಂದು ಭೇಟಿಯನ್ನು ಎರಡು ತುಂಡಾಗಿ ಹಂಚಲು ಬರಬೇಕು. ಒಂದೇ ಉದ್ದದ ಪಟ್ಟಿಯಾಗಿ ಮಾತ್ರ ಕಾಯ್ದಿರಿಸುವ ಸಾಫ್ಟ್‌ವೇರ್‌ನಲ್ಲಿ ದಿನಕ್ಕೆ ಹಲವು ರೋಗಿಗಳ ಸಮಯ ವ್ಯರ್ಥವಾಗುತ್ತದೆ.

ರಿಕಾಲ್ ಪಟ್ಟಿಯಲ್ಲಿ (ಮತ್ತೆ ಪರೀಕ್ಷೆಗೆ ಕರೆಯಬೇಕಾದವರ ಪಟ್ಟಿ) ಮಾತ್ರ ಒಂದು ಗಂಭೀರ ದೋಷವನ್ನು ಹುಡುಕಲೇಬೇಕು. ಆರು ತಿಂಗಳಿಗೆ ಮತ್ತೆ ಬರಬೇಕಾದ ಗ್ಲಾಕೋಮಾ ಶಂಕೆಯ ರೋಗಿಗೆ ಕರೆ ಹೋಯಿತು, ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು, ಸಾಫ್ಟ್‌ವೇರ್ ‘ರಿಕಾಲ್ ಮುಗಿದಿದೆ’ ಎಂದು ಗುರುತು ಹಾಕಿತು. ಆಮೇಲೆ ಅವರು ಬರಲೇ ಇಲ್ಲ, ಅಪಾಯಿಂಟ್‌ಮೆಂಟ್ ರದ್ದಾಯಿತು. ಈಗ ಆ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಸದ್ದಿಲ್ಲದೆ ದೃಷ್ಟಿ ಕಳೆದುಕೊಳ್ಳುವ ಕಾಯಿಲೆಯವರು ಹೀಗೆಯೇ ಕೈತಪ್ಪಿ ಹೋಗುವುದು. ಪರೀಕ್ಷಿಸುವುದು ಸುಲಭ: ಮಾದರಿ ರೋಗಿಗೆ ರಿಕಾಲ್ ಹಾಕಿ, ಅಪಾಯಿಂಟ್‌ಮೆಂಟ್ ಕೊಡಿ, ರದ್ದು ಮಾಡಿ, ಮತ್ತೆ ರಿಕಾಲ್ ಪಟ್ಟಿ ತೆರೆಯಿರಿ. ಹೆಸರು ವಾಪಸ್ ಬಂದಿರಬೇಕು. ಪರೀಕ್ಷೆ ಪೂರ್ತಿಯಾಗಿ ಚಾರ್ಟಿಗೆ ಸಹಿ ಬಿದ್ದಾಗ ಮಾತ್ರ ರಿಕಾಲ್ ಮುಗಿದಂತೆ. ಮಯೋಪಿಯಾ (ಸಮೀಪದೃಷ್ಟಿ) ನಿಯಂತ್ರಣದ ಮಕ್ಕಳು, ಮಧುಮೇಹಿಗಳು, ಲೆನ್ಸ್ ಹಾಕುವವರು ಹೀಗೆ ಕಾರಣವನ್ನೂ ಬರೆದಿಡಲು ಜಾಗ ಬೇಕು. ಎಲ್ಲರಿಗೂ 12 ತಿಂಗಳು ಎಂದು ಒಂದೇ ಅಳತೆ ಹಾಕುವ ಸಾಫ್ಟ್‌ವೇರ್‌ಗೆ ಕಣ್ಣಿನ ಕೆಲಸ ಅರ್ಥವಾಗಿಲ್ಲ.

ಇನ್ನು ಕನ್ನಡಕದ ಆರ್ಡರ್. ಚಾರ್ಟಿನಲ್ಲಿರುವ ಪವರ್ ಆರ್ಡರ್ ಫಾರ್ಮಿಗೆ ತಾನಾಗಿಯೇ ಹೋಗಬೇಕು, ಕೌಂಟರಿನವರು ನೋಡಿ ನೋಡಿ ಮತ್ತೆ ಟೈಪ್ ಮಾಡುವಂತಿದ್ದರೆ ಮೇಲಿನ ಎಚ್ಚರಿಕೆಯೆಲ್ಲ ನೀರುಪಾಲು. ಪಿಡಿಯನ್ನು 61.5 ಎಂದು ಒಟ್ಟಾಗಿ ಮಾತ್ರ ತೆಗೆದುಕೊಳ್ಳುವ ಫಾರ್ಮ್ ಪ್ರೋಗ್ರೆಸಿವ್ ಲೆನ್ಸ್‌ಗೆ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು) ಸಾಲದು. ನಮ್ಮ ಚೀಟಿಯಲ್ಲಿ ಬಲ 31.5, ಎಡ 30. ಜೊತೆಗೆ ಫಿಟಿಂಗ್ ಎತ್ತರ (ಗಾಜಿನ ಕೆಳಅಂಚಿನಿಂದ ಪಾಪೆಯ ತನಕ) ಎರಡೂ ಕಣ್ಣಿಗೆ ಬೇರೆಬೇರೆ, ಫ್ರೀಫಾರ್ಮ್ ಲೆನ್ಸ್ (ಒಬ್ಬೊಬ್ಬರಿಗೆ ಲೆಕ್ಕ ಹಾಕಿ ಕೊರೆದದ್ದು) ಆದರೆ ವರ್ಟೆಕ್ಸ್ ದೂರ, ಫ್ರೇಮ್ ಮುಂದಕ್ಕೆ ಬಾಗಿದ ಕೋನ, ಮುಖಕ್ಕೆ ಸುತ್ತಿದ ಕೋನ. ಪಿಡಿ ತಪ್ಪಿನ ಬೆಲೆ ಎಷ್ಟು ಎಂಬುದಕ್ಕೆ ಪ್ರೆಂಟಿಸ್ ನಿಯಮ (ಸರಿದ ಸೆಂಟಿಮೀಟರನ್ನು ಪವರ್‌ನಿಂದ ಗುಣಿಸುವುದು) ಸಾಕು: −6.00 ಪವರ್‌ನಲ್ಲಿ 4 ಮಿಲಿಮೀಟರ್ ಸರಿದರೆ 0.4 × 6, ಅಂದರೆ 2.4 ಪ್ರಿಸಂ, ಅಷ್ಟು ಬೆಳಕು ಬದಿಗೆ ಬಾಗುತ್ತದೆ. ತಲೆನೋವು ಎಂದು ರೋಗಿ ವಾಪಸ್ ಬರುವುದು ಇದಕ್ಕೇ.

ಲ್ಯಾಬ್‌ಗೆ ಆರ್ಡರ್ ಹೋಗುವ ಬಗೆಯನ್ನೂ ನೋಡಿ. ಫ್ರೇಮ್ ಟ್ರೇಸರ್ (ಫ್ರೇಮಿನ ಆಕಾರ ಅಳೆಯುವ ಯಂತ್ರ), ಲ್ಯಾಬ್ ಯಂತ್ರಗಳ ನಡುವೆ ಅಮೆರಿಕದ ಕನ್ನಡಕ ಉದ್ಯಮದ ಸಂಘವಾದ ವಿಷನ್ ಕೌನ್ಸಿಲ್‌ನ ದತ್ತಾಂಶ ವಿನಿಮಯ ಮಾನದಂಡ ಬಳಕೆಯಲ್ಲಿದೆ, ಹಳಬರು ಅದನ್ನು ಈಗಲೂ ಓಎಂಎ ಫೈಲ್ ಎನ್ನುತ್ತಾರೆ. ಅದರಲ್ಲಿ ಒಂದೊಂದು ಸಾಲಿಗೆ ಒಂದು ಹೆಸರು, ಬಲಗಣ್ಣಿನ ಅಂಕಿ, ಅರ್ಧವಿರಾಮ, ಎಡಗಣ್ಣಿನ ಅಂಕಿ. ಸಾಫ್ಟ್‌ವೇರ್ ಈ ಫೈಲ್ ಬರೆಯಬಲ್ಲದಾದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನಿಮ್ಮ ಕಣ್ಣಿನಿಂದಲೇ ಓದಿ. ಸ್ಫಿಯರ್ ಸಾಲಿನಲ್ಲಿ −2.25;−3.00 ಇರಬೇಕು. ಇದನ್ನು ಒಮ್ಮೆ ಓದಿದವರಿಗೆ ಲ್ಯಾಬ್ ಜೊತೆಗಿನ ಅರ್ಧ ಜಗಳ ಕಡಿಮೆಯಾಗುತ್ತದೆ, ತಪ್ಪು ಯಾವ ಕಡೆಯದು ಎಂದು ಅಲ್ಲೇ ಗೊತ್ತಾಗುತ್ತದೆ.

ಕನ್ನಡಕ ಬಂದ ಮೇಲೆ ತಾಳೆ ನೋಡುವ ಹಂತ ಇಲ್ಲದ ಸಾಫ್ಟ್‌ವೇರ್‌ಗಳೇ ಹೆಚ್ಚು. ‘ಬಂದಿದೆ’ ಎಂದ ಕೂಡಲೇ ಗ್ರಾಹಕರಿಗೆ ಸಂದೇಶ ಹೋಗಿಬಿಡುತ್ತದೆ. ಬಂತು, ಪರೀಕ್ಷಿಸಿದೆವು, ಕೊಟ್ಟೆವು ಇವು ಬೇರೆಬೇರೆ ಹಂತಗಳಾಗಿರಬೇಕು, ಲೆನ್ಸೋಮೀಟರ್ ಅಳತೆ ಹಾಕಿದಾಗ ಸಾಫ್ಟ್‌ವೇರ್ ತಾನೇ ಹೋಲಿಸಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ: ಅಮೆರಿಕದ ಆನ್ಸಿ ಝಡ್80.1 ಮಾನದಂಡದಲ್ಲಿ ಸಿಲಿಂಡರ್ 1.50ಕ್ಕಿಂತ ಹೆಚ್ಚಿದ್ದರೆ ಆಕ್ಸಿಸ್ 2 ಡಿಗ್ರಿಗಿಂತ ಹೆಚ್ಚು ತಪ್ಪುವಂತಿಲ್ಲ, 0.50 ಸಿಲಿಂಡರ್‌ಗೆ 7 ಡಿಗ್ರಿ ತನಕ ಬಿಡುವಿದೆ. ಹಾಗಾಗಿ ನಮ್ಮ ಚೀಟಿಯ ಬಲಗಣ್ಣು 179ಕ್ಕೆ ಬಂದರೆ ವಾಪಸ್ ಕಳುಹಿಸಬೇಕು, ಎಡಗಣ್ಣು 14ಕ್ಕೆ ಬಂದರೆ ಇಟ್ಟುಕೊಳ್ಳಬಹುದು. ಎರಡಕ್ಕೂ 5 ಡಿಗ್ರಿ ಎಂದು ಒಂದೇ ಮಿತಿ ಇಡುವ ಸಾಫ್ಟ್‌ವೇರ್ ಕೆಟ್ಟದ್ದನ್ನು ಒಳಗೆ ಬಿಡುತ್ತದೆ. ಮರುತಯಾರಿಗೆ ಹೋದ ಕನ್ನಡಕಕ್ಕೆ ಕಾರಣ ಬರೆಯುವ ಕಾಲಂ ಇದ್ದರೆ ಆರು ತಿಂಗಳಲ್ಲಿ ದೋಷ ಪವರ್‌ದೋ ಅಳತೆಯದೋ ಲ್ಯಾಬಿನದೋ ಎಂಬ ಚಿತ್ರ ಸಿಗುತ್ತದೆ.

ಹಣ ಕೊಡದೆ ಬಳಸಬಹುದಾದ ಎರಡು ಮುಕ್ತ ತಂತ್ರಾಂಶಗಳ ಬಗ್ಗೆ ಆಗಾಗ ಪ್ರಶ್ನೆ ಬರುತ್ತದೆ. ಓಪನ್‌ಇಎಂಆರ್ ಮೂಲತಃ ಸಾಮಾನ್ಯ ಕ್ಲಿನಿಕ್‌ಗಳಿಗೆ. ಅದರೊಳಗೆ ಕಣ್ಣಿನ ಪರೀಕ್ಷೆಯ ಫಾರ್ಮ್ ಇದೆ, ಹಾಕಿಕೊಂಡು ಬಂದ ಕನ್ನಡಕ, ಆಟೋರಿಫ್ರಾಕ್ಟೋಮೀಟರ್, ಕೈಯಿಂದ ನೋಡಿದ ಪವರ್, ಡ್ರಾಪ್ಸ್ ಹಾಕಿ ನೋಡಿದ ಪವರ್ ಇವಕ್ಕೆ ಬೇರೆಬೇರೆ ಜಾಗಗಳಿವೆ. ಚಾರ್ಟ್ ಬರೆಯಲು ಒಳ್ಳೆಯದು. ಫ್ರೇಮ್ ಸ್ಟಾಕ್, ಲ್ಯಾಬ್ ಆರ್ಡರ್‌ಗಳಿಗೆ ಅದರ ಜೊತೆ ಇನ್ನೊಂದನ್ನು ಇಟ್ಟುಕೊಳ್ಳಬೇಕಾಗುತ್ತದೆ. ಓಪನ್‌ಐಸ್ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು, ಅದರ ‘ಐಡ್ರಾ’ ಎಂಬ ಚಿತ್ರ ಬರೆಯುವ ಭಾಗ ನಿಜಕ್ಕೂ ಮೆಚ್ಚುವಂಥದ್ದು: ಬರೆದ ಹುಣ್ಣು, ಪೊರೆ, ರಕ್ತಸ್ರಾವಗಳು ಬರೀ ಚಿತ್ರವಾಗದೆ ದತ್ತಾಂಶವಾಗಿಯೇ ಉಳಿಯುತ್ತವೆ. ಆದರೆ ಅದರ ರಚನೆ ಆಸ್ಪತ್ರೆಯ ವಿಭಾಗಗಳಿಗೆ ತಕ್ಕದ್ದು, ಒಂದು ಕುರ್ಚಿಯ ಕ್ಲಿನಿಕ್‌ಗೆ ಭಾರ. ಎರಡರಲ್ಲೂ ಸರ್ವರ್, ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಯ ಮೇಲೆ. ಅದನ್ನು ನೋಡಿಕೊಳ್ಳುವ ಕೈ ಇಲ್ಲದಿದ್ದರೆ ಉಚಿತ ಎಂಬುದೇ ದುಬಾರಿಯಾಗುತ್ತದೆ.

ಕ್ಲೌಡ್‌ನಲ್ಲೋ ಕ್ಲಿನಿಕ್‌ನ ಕಂಪ್ಯೂಟರಿನಲ್ಲೋ ಎಂಬ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇಂಟರ್ನೆಟ್ ಹೋದಾಗ ಇವತ್ತಿನ ಪಟ್ಟಿ ಮತ್ತು ಆ ರೋಗಿಗಳ ಕೊನೆಯ ಚೀಟಿ ಕಾಣುತ್ತದೆಯೇ? ರೌಟರ್ ಕೇಬಲ್ ಕಿತ್ತು ನೋಡಿ. ಕ್ಲಿನಿಕ್‌ನಲ್ಲೇ ಇಟ್ಟುಕೊಳ್ಳುವವರು ಬ್ಯಾಕಪ್ ಆಗುತ್ತಿದೆ ಎಂಬ ಹಸಿರು ಗುರುತನ್ನು ನಂಬದೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ವಾಪಸ್ ತೆರೆದು ನೋಡಬೇಕು, ಚಿತ್ರಗಳ ಫೋಲ್ಡರ್ ಬ್ಯಾಕಪ್‌ನಲ್ಲಿ ಸೇರಿಲ್ಲದಿರುವುದು ತೀರಾ ಸಾಮಾನ್ಯ. ಸಹಿ ಹಾಕಿದ ಚಾರ್ಟನ್ನು ಯಾರೂ ಅಳಿಸಿ ತಿದ್ದುವಂತಿರಬಾರದು. ತಿದ್ದುಪಡಿ ಕೆಳಗೆ ಸೇರಬೇಕು, ಯಾರು ಯಾವಾಗ ಸೇರಿಸಿದರು ಎಂಬುದರೊಂದಿಗೆ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಕ್ಲಿನಿಕ್‌ನಲ್ಲಿ ಈ ದಾಖಲೆಗೆ ಬೆಲೆಯಿಲ್ಲ, ಆ ತಪ್ಪು ಸಾಫ್ಟ್‌ವೇರ್‌ದಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮಾಡಬೇಕಾದ ಕೊನೆಯ ಪರೀಕ್ಷೆ ಹೊರಬರುವ ದಾರಿಯದು. ಮುಂದೆ ಈ ಸಾಫ್ಟ್‌ವೇರ್ ಬಿಡಬೇಕಾದರೆ ದಾಖಲೆಗಳು ಹೇಗೆ ಸಿಗುತ್ತವೆ ಎಂದು ಕೇಳಿ, ‘ಎಲ್ಲ ಕೊಡುತ್ತೇವೆ’ ಎಂದರೆ ಈಗಲೇ ಒಂದು ಮಾದರಿ ಎಕ್ಸ್‌ಪೋರ್ಟ್ ಕೊಡಿ ಎನ್ನಿ. ಫೈರ್ ಎಂಬ ಆರೋಗ್ಯ ದತ್ತಾಂಶ ಮಾನದಂಡದಲ್ಲಿ ಕನ್ನಡಕದ ಚೀಟಿಗೆಂದೇ ಒಂದು ನಮೂನೆ ಇದೆ, ಸ್ಫಿಯರ್, ಸಿಲಿಂಡರ್, ಆಕ್ಸಿಸ್, ಪ್ರಿಸಂ, ಆಡ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ, ಆದರೆ ಪಿಡಿಗೆ ಪ್ರತ್ಯೇಕ ಜಾಗವಿಲ್ಲ. ಆದ್ದರಿಂದ ಪಿಡಿ, ಫಿಟಿಂಗ್ ಎತ್ತರಗಳು ಎಲ್ಲಿ ಹೋದವು ಎಂದು ಹುಡುಕಿ. ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಪಠ್ಯ ಫೈಲ್) ಕೊಟ್ಟರೆ ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್ 6/12ನ್ನು ತಾರೀಖು ಎಂದುಕೊಳ್ಳುತ್ತದೆ, 6/60ನ್ನು 1960ರ ಜೂನ್ ಎಂದುಕೊಳ್ಳುತ್ತದೆ, +2.00ರ ಪ್ಲಸ್ ಅಳಿಸಿ 2 ಮಾಡುತ್ತದೆ. ಹಾಗೆ ತೆರೆದು ‘ಸೇವ್’ ಒತ್ತಿದರೆ ದೃಷ್ಟಿಯ ದಾಖಲೆ ಶಾಶ್ವತವಾಗಿ ಕೆಟ್ಟಂತೆ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದು ಆರಿಸಿ, ಆಮೇಲೆ ನಮ್ಮ ಚೀಟಿಯನ್ನು ಹುಡುಕಿ.

ಅಲ್ಲಿಯೂ ಒಂದು ವಿಷಯವನ್ನು ಹತ್ತಿರದಿಂದ ನೋಡಿ. ಕೀಲಿಮಣೆಯ ಮೈನಸ್ ಕೀಲಿ ಕೊಡುವ ಅಡ್ಡಗೆರೆ ಬೇರೆ, ಮುದ್ರಣಕ್ಕೆ ಬಳಸುವ ಮೈನಸ್ ಗುರುತು ಬೇರೆ, ಎರಡಕ್ಕೂ ಯೂನಿಕೋಡ್‌ನಲ್ಲಿ ಬೇರೆ ಸಂಖ್ಯೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಂದವಾಗಿರಲಿ ಎಂದು ಎಕ್ಸ್‌ಪೋರ್ಟ್‌ನಲ್ಲಿ ಎರಡನೆಯದನ್ನು ಬರೆಯುವ ಸಾಫ್ಟ್‌ವೇರ್‌ನಿಂದ ಬಂದ −2.25ನ್ನು ಹೊಸ ಸಾಫ್ಟ್‌ವೇರ್ ಅಂಕಿಯೆಂದೇ ಗುರುತಿಸದೆ ಖಾಲಿ ಬಿಡಬಹುದು, ಇಲ್ಲವೇ ಗುರುತನ್ನು ಉದುರಿಸಿ 2.25 ಎಂದು ಒಳಗೆ ತೆಗೆದುಕೊಳ್ಳಬಹುದು. ಎಕ್ಸ್‌ಪೋರ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಕೀಲಿಮಣೆಯಿಂದಲೇ ಮೈನಸ್ ಒತ್ತಿ 2.25 ಎಂದು ಟೈಪ್ ಮಾಡಿ ಹುಡುಕಿ. ಸಿಕ್ಕರೆ ಸರಿ. ಕಣ್ಣೆದುರೇ ಇದ್ದೂ ಸಿಗದಿದ್ದರೆ ಆ ಫೈಲ್ ಸರಿಪಡಿಸಿ ಕೊಡುವ ತನಕ ಒಪ್ಪಂದಕ್ಕೆ ಸಹಿ ಹಾಕಬೇಡಿ.